ಎರಡು ತೂತಿನ ವಾಕ್‌ಮನ್: ಕಿವಿಯ ಏಕಾಂತ ಮತ್ತು ಕಾಸರಗೋಡಿನ ತಾಳಮದ್ದಳೆ

ವಾಕ್‌ಮನ್ ಬಗ್ಗೆ ಸಂಸ್ಕೃತಿ ಅಧ್ಯಯನದವರು ಹೆಚ್ಚಾಗಿ ಓದುವುದು ಎರಡು ಬರಹ. ಒಂದು, ಶುಹೇಯಿ ಹೊಸೊಕಾವಾ 1984ರಲ್ಲಿ ಬರೆದ ‘ದಿ ವಾಕ್‌ಮನ್ ಇಫೆಕ್ಟ್’. ಇನ್ನೊಂದು, ಪಾಲ್ ದು ಗೇ, ಸ್ಟುವರ್ಟ್ ಹಾಲ್ ಮತ್ತು ಸಂಗಡಿಗರು 1997ರಲ್ಲಿ ತಂದ ಪಠ್ಯಪುಸ್ತಕ. ಎರಡೂ ಒಳ್ಳೆಯವೇ. ಆದರೆ ಅವುಗಳಲ್ಲಿ ಬರುವ ಕೇಳುಗ ನನಗೆ ಕಾಸರಗೋಡಿನಲ್ಲಿ ಸಿಗುವುದಿಲ್ಲ.

ಮೊದಲು ಯಂತ್ರವನ್ನೇ ನೋಡುವ. ಸೋನಿಯ ಮೊದಲ ವಾಕ್‌ಮನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1979ರ ಜುಲೈ 1ರಂದು. ಬೆಲೆ 33,000 ಯೆನ್. ಅದರಲ್ಲಿ ರೆಕಾರ್ಡಿಂಗ್ ಇರಲಿಲ್ಲ, ಸ್ಪೀಕರ್ ಇರಲಿಲ್ಲ. ಆದರೆ ಇಯರ್‌ಫೋನ್ ಸಿಕ್ಕಿಸಲಿಕ್ಕೆ ಎರಡು ತೂತು ಇತ್ತು! ಜೊತೆಗೆ ಒಂದು ಕಿತ್ತಳೆ ಬಣ್ಣದ ಗುಂಡಿ: ಅದನ್ನು ಒತ್ತಿದರೆ ಹಾಡು ತಗ್ಗಿ, ಕೇಳುವ ಇಬ್ಬರೂ ಪರಸ್ಪರ ಮಾತಾಡಬಹುದಿತ್ತು. ಒಬ್ಬನೇ ಕೇಳುತ್ತಾ ಕೂರುವುದು ಮರ್ಯಾದೆಯಲ್ಲ ಅಂತ ಅಕಿಯೊ ಮೊರಿಟಾ ಅವರಿಗೆ ಅನಿಸಿತ್ತಂತೆ, ಅವರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೊಂಡವರು ಮಾತ್ರ ಅದನ್ನು ತಮ್ಮೊಬ್ಬರದೇ ವಸ್ತು ಮಾಡಿಕೊಂಡರು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಹೋಯಿತು, ಎರಡನೆಯ ತೂತೂ ಹೋಯಿತು. ದು ಗೇ ಪುಸ್ತಕದ ಅತ್ಯುತ್ತಮ ಭಾಗ ಇದೇ: ಬಳಸುವವರು ವಸ್ತುವನ್ನು ತಿದ್ದುತ್ತಾರೆ ಎಂಬುದನ್ನು ಅದು ತೋರಿಸುತ್ತದೆ. ಆದರೆ ಆಮೇಲೆ ಆ ಪುಸ್ತಕವೂ ಒಂಟಿ ಕಿವಿಯನ್ನೇ ನಂಬಿ ಮುಂದೆ ಹೋಗುತ್ತದೆ.

ಹೊಸೊಕಾವಾ ಇನ್ನೂ ಚುರುಕು. ದಾರಿಹೋಕರಿಗೆ ಇವನು ಏನೋ ಕೇಳುತ್ತಿದ್ದಾನೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಈ ಗುಟ್ಟೇ ಅವರಿಗೆ ಒಂದು ನಾಟಕ, ಒಂದು ಸ್ವಾತಂತ್ರ್ಯ. ಸರಿ. ಆದರೆ ಅವರ ನಡೆದಾಡುವವನಿಗೆ ‘ನಿನ್ನದು ಯಾವ ಭಾಷೆ?’ ಅಂತ ಯಾರೂ ಕೇಳುವುದಿಲ್ಲ. 1956ರ ನಂತರ ನಮಗೆ ಆ ಪ್ರಶ್ನೆ ತಪ್ಪಿದ್ದಿಲ್ಲ. ಮಲಯಾಳ, ತುಳು, ಕನ್ನಡ, ಕೊಂಕಣಿ, ಬ್ಯಾರಿ ಒಟ್ಟಿಗೆ ಕೂತು ಹೋಗುವ ಬಸ್ಸಿನಲ್ಲಿ ಡ್ರೈವರ್ ಹಾಕಿದ ಕ್ಯಾಸೆಟ್ ಒಂದು ಹಕ್ಕು ಸಾಧನೆಯೂ ಹೌದು. ಇಯರ್‌ಫೋನ್ ಬಂದ ಮೇಲೆ ಆ ಗುದ್ದಾಟ ತಣ್ಣಗಾಯಿತು, ಅದರೊಟ್ಟಿಗೆ ನಾಲ್ಕು ಜನರ ಕಿವಿಗೆ ಬೀಳುವ ಕನ್ನಡವೂ ಕಡಿಮೆಯಾಯಿತು. ಆ ಶಾಂತಿಯನ್ನು ನಾನು ಹಗುರ ಮಾಡುವುದಿಲ್ಲ. ದೂರದ ಹಾಸ್ಟೆಲಿನಲ್ಲಿರುವ ನಮ್ಮ ಹುಡುಗಿಗೆ ದಿನದಲ್ಲಿ ಸಿಗುವ ಕನ್ನಡ ಅಷ್ಟೇ ಇರಬಹುದು. ಆದರೆ ದೊಡ್ಡ ಭಾಷೆಯವನ ಗುಟ್ಟು ಆಟವಾದರೆ, ಸಣ್ಣ ಸಂಖ್ಯೆಯವರ ಗುಟ್ಟು ಅಡಗಿ ಕೂರುವುದೂ ಆಗಬಹುದಲ್ವಾ? ಹೊಸೊಕಾವಾ ಪ್ರಬಂಧದಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ.

ಈಗ ತಾಳಮದ್ದಳೆ. ನಮ್ಮಲ್ಲಿ ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರಿನಲ್ಲಿ ಮಾಪ್ಪಿಳ ಹಾಡೂ ಓಡಿದೆ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವೂ ಓಡಿದೆ. ರಾತ್ರಿಯಿಡೀ ನಡೆಯುವ ಕೂಟವನ್ನು ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತುಂಬಿದರೆ ಒಂದು ಬದಿಗೆ ನಲವತ್ತೈದು ನಿಮಿಷ. ವಾಲಿ ರಾಮನಿಗೆ ಪ್ರಶ್ನೆ ಹಾಕಿದ ಗಳಿಗೆಯಲ್ಲೇ ಟಕ್ ಅಂತ ನಿಂತರೂ ನಿಂತಿತೇ! ತಿರುಗಿಸಿ ಹಾಕುವಷ್ಟರಲ್ಲಿ ರಾಮನ ಪರವಾಗಿ ನಾವೇ ಒಂದು ಉತ್ತರ ಕಟ್ಟಿ ಆಗಿರುತ್ತದೆ. ಕೂಟದಲ್ಲೇ ಹಿಡಿದ ಧ್ವನಿಯಾದರೆ ಅದರಲ್ಲಿ ಅರ್ಥಧಾರಿ ಮಾತ್ರ ಇರುವುದಿಲ್ಲ. ಕೆಮ್ಮು, ಮಗುವಿನ ಅಳು, ಒಳ್ಳೆಯ ಮಾತಿಗೆ ಎದ್ದ ನಗು ಎಲ್ಲವೂ ಇರುತ್ತವೆ. ಇದನ್ನು ಇಯರ್‌ಫೋನಿನಲ್ಲಿ ಕೇಳುವವನು ಒಬ್ಬನೇ ಹೌದೋ? ಅವನ ಕಿವಿಯೊಳಗೆ ಒಂದು ಸಭೆಯೇ ಕೂತಿದೆ. ಮೊರಿಟಾ ಇಟ್ಟು ಆಮೇಲೆ ಕಳೆದುಹೋದ ಆ ಎರಡನೆಯ ತೂತು ಇಲ್ಲಿ ಟೇಪಿನ ಒಳಗೇ ಉಂಟು ಅಂತ ನನ್ನ ವಾದ.

2001ರ ಐಪಾಡ್ ಐದು ಜಿಬಿಯಲ್ಲಿ ಸಾವಿರ ಹಾಡು ಅಂತ ಬಂತು. ಅಲ್ಲಿಂದ ಲೆಕ್ಕ ಹಾಕುವುದು ‘ಹಾಡಿ’ನಲ್ಲಿ. ಇಡೀ ಕರ್ಣಪರ್ವ ಅದಕ್ಕೆ ಒಂದು ಹಾಡಾಗಬೇಕು, ಇಲ್ಲವೇ ಚೂರಾಗಬೇಕು. ಚೂರು ಮಾಡಿ ಶಫಲ್ ಒತ್ತಿದಿರೋ, ಕರ್ಣ ಸತ್ತ ಮೇಲೆ ಶಲ್ಯ ಸಾರಥ್ಯಕ್ಕೆ ಒಪ್ಪಿಕೊಳ್ಳುತ್ತಾನೆ! ತಮಾಷೆ ಇರಲಿ. ಆ ಲೆಕ್ಕ ಈಗ ಮೊಬೈಲಿಗೂ ಬಂದಿದೆ: ಭಾಗವತರ ಪದ್ಯ ಮಾತ್ರ ಕತ್ತರಿಸಿ ಕಳಿಸುತ್ತಾರೆ, ಅರ್ಥ ಬಿದ್ದುಹೋಗುತ್ತದೆ. ಪದ್ಯ ಪುಸ್ತಕದಲ್ಲಿ ಸಿಗುತ್ತದೆ. ಅರ್ಥ ಆಶುಮಾತು, ಬರೆದಿಟ್ಟದ್ದಲ್ಲ. ಮಲಯಾಳದ ನಡುವೆ ಬೆಳೆಯುವ ಮಕ್ಕಳಿಗೆ ವಾದ ಹೂಡುವ, ಎದುರಾಳಿಯನ್ನು ಗೌರವದಿಂದ ಮುರಿಯುವ ಕನ್ನಡ ಕಿವಿಗೆ ಬೀಳುವುದು ಅಲ್ಲಿಂದಲೇ.

ಚರ್ಚೆಯಲ್ಲಿ ಸರ್ ಮನೆಮನೆಗಳ ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವ ಬಗ್ಗೆ ಕೇಳಿದರು. ಮಾಡಲೇಬೇಕು, ಟೇಪು ಬೂಸಲು ಹಿಡಿದು ಹೋಗ್ತಾ ಉಂಟು, ನಮ್ಮ ಮಳೆ ಗೊತ್ತಲ್ಲ. ಆದರೆ ಸ್ವಚ್ಛ ಮಾಡುವ ಹೆಸರಿನಲ್ಲಿ ಸಭೆಯ ಸದ್ದನ್ನು ತೆಗೆಯಬೇಡಿ, ಪದ್ಯ ಬೇರೆ ಅರ್ಥ ಬೇರೆ ಅಂತ ಫೈಲು ಮಾಡಬೇಡಿ. ಬದಿ ಮುಗಿದಲ್ಲಿ ಆ ‘ಟಕ್’ ಸದ್ದೂ ಇರಲಿ.