ಸೈರನ್ ಬಿಡಿ, ಸ್ವಿಚ್ ನೋಡಿ

ಸಿಂಧನೂರು ಸೀಮೆಯ ತುರ್ವಿಹಾಳದಂಥ ಊರಿನಲ್ಲಿ ಕಾರಿನ ಅಲಾರಂ ನಡುರಾತ್ರಿ ಹೊಡೆದುಕೊಂಡರೆ ಕಳ್ಳ ಬಂದನೆಂದು ಯಾರೂ ಏಳುವುದಿಲ್ಲ. ಕಾರಿನವನನ್ನು ಬೈಯಲಿಕ್ಕೆ ಏಳುತ್ತಾರೆ. ಬೆಳಗಾದರೆ ಗ್ಯಾರೇಜಿನಲ್ಲಿ ಸಿದ್ಧ ಸಲಹೆ: ‘ಸೈರನ್ ವೈರ್ ಕಟ್ ಮಾಡಿಬಿಡ್ರಿ ಸರ, ಕಿರಿಕಿರಿನೇ ಇರಂಗಿಲ್ಲ.’ ನನಗಿದು ಎಳ್ಳಷ್ಟೂ ಸೇರದ ಸಲಹೆ. ಕೂಗುವ ಸೈರನ್ ಬಹುಪಾಲು ಸರಿಯಾಗಿಯೇ ಇರುತ್ತದೆ. ಅದಕ್ಕೆ ಸುಳ್ಳು ಸುದ್ದಿ ಮುಟ್ಟಿಸುವುದು ಇನ್ನೆಲ್ಲೋ ಇರುವ ಸ್ವಿಚ್ಚು, ಇಲ್ಲವೇ ವೈರು.

ಕಾರು ಕೊಂಡ ಮೇಲೆ ಕೂಡಿಸಿದ ಅಲಾರಂಗಳಲ್ಲಿ ಸಾಮಾನ್ಯವಾಗಿ ಬಾಗಿಲೋ ಬಾನೆಟ್ಟೋ ತೆರೆದ ಕೂಡಲೇ ಒಂದು ತೆಳು ವೈರು ಸ್ವಿಚ್ಚಿನ ಮೂಲಕ ಬಾಡಿಗೆ, ಅಂದರೆ ಅರ್ತ್‌ಗೆ ತಾಗುತ್ತದೆ. ಆ ವೈರಿನ ಸಿಪ್ಪೆ ಹೋಗಿ ತಗಡಿಗೆ ತಾಗಿದರೂ ಅಲಾರಂ ಯೂನಿಟ್ಟಿನ ಪಾಲಿಗೆ ಬಾಗಿಲು ತೆರೆದಂತೆಯೇ. ಸಿಪ್ಪೆ ಸುಲಿಯುವವರಿಗೇನು ಬರವೇ? ತುಂಗಭದ್ರಾ ಎಡದಂಡೆ ಕಾಲುವೆಯ ನೀರಿರುವ ಸಿಂಧನೂರು ಸೀಮೆಯಲ್ಲಿ ಭತ್ತವುಂಟು, ಭತ್ತವಿದ್ದಲ್ಲಿ ಇಲಿಯುಂಟು. ಕೊಯ್ಲಾದ ಮೇಲೆ ಗದ್ದೆ ಬಿಟ್ಟ ಇಲಿಗೆ ಬೆಚ್ಚನೆಯ ಬಾನೆಟ್ ಸಿಕ್ಕರೆ ಬಿಡುತ್ತದೆಯೇ?

ನಾನು ಮೊದಲು ನೋಡುವುದು ಬಾನೆಟ್ ಸ್ವಿಚ್. ಆ ಪುಟ್ಟ ಗುಂಡಿಯ ಸುತ್ತ ಎರೆಮಣ್ಣಿನ ಧೂಳು ಗಟ್ಟಿಯಾಗಿ, ಒಳಗೆ ತುಕ್ಕು ಹಿಡಿದು, ಒತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ. ವೈರು ಬಿಡಿಸಿ, ಮಲ್ಟಿಮೀಟರನ್ನು ಬೀಪ್‌ಗೆ ತಿರುಗಿಸಿ, ಒಂದು ಕಡ್ಡಿ ಸ್ವಿಚ್ಚಿಗೆ, ಇನ್ನೊಂದು ಬಾಡಿಗೆ ಇಡಿ. ಗುಂಡಿ ಪೂರ್ತಿ ಒತ್ತಿದಾಗ ಬೀಪ್ ನಿಲ್ಲಬೇಕು. ನಿಲ್ಲಲಿಲ್ಲವೇ, ಕಳ್ಳ ಅಲ್ಲೇ ಸಿಕ್ಕ. ನಿಂತರೆ ಯೂನಿಟ್ಟಿನ ಸಾಕೆಟ್ಟನ್ನೂ ಕಳಚಿ ಆ ವೈರನ್ನೇ ಪರೀಕ್ಷಿಸಿ. ಎರಡೂ ತುದಿ ಬಿಚ್ಚಿದ ವೈರು ಬಾಡಿಯೊಂದಿಗೆ ಬೀಪ್ ಅಂದರೆ ನಡುವೆ ಎಲ್ಲೋ ತಾಗಿದೆ. ಬಾಗಿಲಿನ ಸ್ವಿಚ್ಚುಗಳಿಗೂ ಇದೇ ಕ್ರಮ.

ಬ್ಯಾಟರಿಯನ್ನೂ ಮರೆಯಬಾರದು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ. ತೀರ ಇಳಿದಿದ್ದರೆ, ಒಳಗೆ ಸ್ವಂತ ಬ್ಯಾಟರಿ ಇರುವ ಸೈರನ್, ಯಾರೋ ಕರೆಂಟ್ ಕಿತ್ತರೆಂದು ತಿಳಿದು ಕೂಗಿಕೊಳ್ಳಬಹುದು. ನಿಂತ ಕಾರು ಎಳೆಯುವ ಕರೆಂಟ್ 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಎಳೆದರೆ 45 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಖಾಲಿ. ಸೈರನ್ ವೈರ್ ಕತ್ತರಿಸಿದರೆ ಈ ಸೋರಿಕೆ ನಿಲ್ಲುವುದಿಲ್ಲ, ಸದ್ದಿಲ್ಲದೆ ನಡೆಯುತ್ತದೆ.

ಇದನ್ನು ಅಳೆಯಲು ನೆಗೆಟಿವ್ ಕೇಬಲ್ ಬಿಚ್ಚಿ, ನಡುವೆ ಮೀಟರ್ ಸೇರಿಸಿ, ಅದರ ಕಡ್ಡಿಯನ್ನು 10 ಆಂಪಿಯರ್ ಸಾಕೆಟ್ಟಿನಲ್ಲೇ ಹಾಕಿ. ಮೀಟರ್ ನಡುವೆ ಇರುವಾಗ ಮಾತ್ರ ಯಾರೂ ಸೆಲ್ಫ್ ಹೊಡೆಯದಂತೆ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಹೊಡೆದರೆ ಮೀಟರಿನ ಫ್ಯೂಸ್ ಹೋಯಿತೆಂದೇ ತಿಳಿಯಿರಿ.