ಹೆಮಿಂಗ್ವೆ ಕಂಡ ಪ್ಯಾರಿಸ್ಸಿನ ಚಳಿ

ಅರ್ನೆಸ್ಟ್ ಹೆಮಿಂಗ್ವೆಯ ಮರಣಾನಂತರ, 1964ರಲ್ಲಿ ಪ್ರಕಟವಾದ ‘ಎ ಮೂವಬಲ್ ಫೀಸ್ಟ್’ ಗ್ರಂಥವು ಪ್ಯಾರಿಸ್ಸಿನ ಚಳಿಮಳೆಯ ವರ್ಣನೆಯಿಂದ ಆರಂಭವಾಗುತ್ತದೆ. ಬರೆಯುವ ಕೊಠಡಿಯನ್ನು ಬೆಚ್ಚಗಾಗಿಸಲು ಸೌದೆಯ ಕಟ್ಟುಗಳನ್ನು ಕೊಳ್ಳಬೇಕು. ಹೊಗೆಗೂಡು ಹೊಗೆಯನ್ನೆಳೆಯದಿದ್ದರೆ ಸೌದೆಯೂ ಹಣವೂ ವ್ಯರ್ಥ. ಹೀಗೆ ಲೆಕ್ಕಹಾಕಿದ ಲೇಖಕನು ಸೇಂಟ್ ಮಿಷೆಲ್ ಚೌಕದ ಬೆಚ್ಚನೆಯ ಕೆಫೆಯೊಂದರಲ್ಲಿ ಕುಳಿತು, ತನ್ನ ಬಾಲ್ಯದ ಬೇಸಗೆಗಳು ಕಳೆದ ಮಿಷಿಗನ್ ಸೀಮೆಯ ಕಥೆಯನ್ನು ಬರೆಯುತ್ತಾನೆ. ಹೊರಗಿನ ಚಳಿ ಕಥೆಯೊಳಕ್ಕೂ ಇಳಿಯುತ್ತದೆ.

ದೂರ ಬಂದ ಮೇಲೆಯೇ ಬಿಟ್ಟುಬಂದ ನೆಲವು ಸ್ಪಷ್ಟವಾಗುವ ಈ ಅನುಭವವು ಹೊರನಾಡಿಗರಾದ ನಮಗೆ ಅಪರಿಚಿತವಲ್ಲ. ಈ ಪುಟಗಳ ಸೊಗಸನ್ನು ಅಲ್ಲಗಳೆಯುವಂತೆಯೂ ಇಲ್ಲ. ಆದರೆ ಇಲ್ಲಿ ವರ್ಣಿತವಾದ ಬಡತನವನ್ನು ಪರೀಕ್ಷಿಸಿ ನೋಡುವುದು ಅವಶ್ಯ. ಪತ್ನಿ ಹ್ಯಾಡ್ಲಿಗೆ ಪಿತ್ರಾರ್ಜಿತದ ಆದಾಯವಿದ್ದಿತು. ಪತ್ರಿಕಾ ಸಂಭಾವನೆ ಬರುತ್ತಿದ್ದಿತು. ಡಾಲರಿನೆದುರು ಫ್ರಾಂಕು ಅಗ್ಗವಾಗಿದ್ದಿತು. ಆದುದರಿಂದಲೇ ಅಧ್ಯಾಯದ ಕೊನೆಗೆ ದಂಪತಿಗಳು ಆ ಮಳೆಯನ್ನು ತೊರೆದು ಸ್ವಿಟ್ಜರ್ಲೆಂಡಿನ ಹಿಮಕ್ಕೆ ಹೊರಡಲು ನಿಶ್ಚಯಿಸುತ್ತಾರೆ.

ಅಧ್ಯಾಯದ ಆರಂಭದಲ್ಲಿ ಬರುವ ಮೂಫ್ತಾರ್ ಬೀದಿಯ ಕುಡುಕರಿಗಾದರೋ ಹೋಗಲು ಬೇರೆಡೆಯಿಲ್ಲ. ಚಳಿಗಾಲವು ಅವರನ್ನು ನಾರುವ ಆ ಕೆಫೆಗೇ ಕಟ್ಟಿಹಾಕಿದೆ. ಲೇಖಕನು ಅವರನ್ನು ಜುಗುಪ್ಸೆಯಿಂದ ದಾಟಿಹೋಗುತ್ತಾನೆ. ಈ ಗ್ರಂಥದ ನಿಜವಾದ ಕೊರತೆ ಇದೇ ಎಂದು ನಮ್ಮ ಅಭಿಪ್ರಾಯ. ಪರಸ್ಥಳದಲ್ಲಿ ನೆಲಸಿ ಬರೆಯುವವನು ತನ್ನ ನಾಡನ್ನು ನೆನೆದರೆ ಸಾಲದು. ನೆರೆಯವನ ಚಳಿಯನ್ನೂ ಅರಿಯಬೇಕು.