ಮೊದಲು ರೇಡಿಯೊ ಹಾಕಿ ನೋಡಿ

ಸಿಡಿ ಪ್ಲೇಯರ್, ರೇಡಿಯೊ ಎರಡೂ ಸೇರಿದ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಸೆಟ್ಟು ಕೊಳ್ಳಲು ಹೊರಟ ವಿದ್ಯಾರ್ಥಿ ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಸಿಡಿಯ ಸಂಗತಿಯನ್ನೇ. ಎಂಪಿ3 ಹಾಡುತ್ತದೆಯೇ, ಅಲುಗಾಡಿದರೆ ಹಾಡು ತುಂಡಾಗುತ್ತದೆಯೇ, ಎಷ್ಟು ವಾಟ್? ರೇಡಿಯೊದ ಮಾತು ಬರುವುದು ಕೊನೆಗೆ, ಅದೂ ‘ಇದೆಯೋ ಇಲ್ಲವೋ’ ಎಂಬಷ್ಟಕ್ಕೆ. ಅದು ಹೇಗಿದೆ ಎಂದು ಕೇಳುವವರು ಕಡಿಮೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ಕೈಯಲ್ಲಿ ಹಣ ಕಡಿಮೆ ಇದ್ದಷ್ಟೂ ರೇಡಿಯೊವನ್ನೇ ಮೊದಲು ಪರೀಕ್ಷಿಸಬೇಕು, ಸಿಡಿಯನ್ನು ಆಮೇಲೆ. ಕಾರಣ ಸರಳ. ಅಗ್ಗದ ಸೆಟ್ಟಿನಲ್ಲೂ ಸಿಡಿ ಭಾಗ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ರೇಡಿಯೊ ಭಾಗ ಮಾತ್ರ ಒಂದು ಸೆಟ್ಟಿನಲ್ಲಿ ಅಚ್ಚುಕಟ್ಟಾಗಿದ್ದರೆ ಅದೇ ಬೆಲೆಯ ಇನ್ನೊಂದರಲ್ಲಿ ಕೆಲಸಕ್ಕೇ ಬಾರದಂತಿರುತ್ತದೆ. ವ್ಯತ್ಯಾಸ ಎಲ್ಲಿ ಹೆಚ್ಚೋ ಅಲ್ಲಿ ಕಣ್ಣಿಡುವುದು ಜಾಣತನ.

ಸಿಡಿಯ ವಿಷಯದಲ್ಲಿ ನಾನು ಇಷ್ಟು ನಿಶ್ಚಿಂತನಾಗಿರುವುದಕ್ಕೆ ಆಧಾರ ಅದರ ರಚನೆಯಲ್ಲೇ ಇದೆ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ ರೂಪಿಸಿ, 1982ರಲ್ಲಿ ಮಾರುಕಟ್ಟೆಗೆ ತಂದ ಈ ತಟ್ಟೆ ಅಂದಿನಿಂದ ಇಂದಿನವರೆಗೆ ಒಂದೇ ನಿಯಮಕ್ಕೆ ಬದ್ಧವಾಗಿದೆ. 12 ಸೆಂಟಿಮೀಟರ್ ಅಗಲ, ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್, ಎರಡು ಚಾನೆಲ್. ಎಷ್ಟೇ ಬೆಲೆಯ ಪ್ಲೇಯರ್ ಆದರೂ ತಟ್ಟೆಯಿಂದ ಎತ್ತಿಕೊಳ್ಳುವುದು ಅದೇ ಅಂಕಿಗಳನ್ನು. ತಟ್ಟೆಯ ಮೇಲೆ ಗೀರು ಬಿದ್ದರೂ ಕಳೆದುಹೋದ ಅಂಕಿಗಳನ್ನು ಲೆಕ್ಕ ಹಾಕಿ ಮತ್ತೆ ಕಟ್ಟಿಕೊಳ್ಳುವ ವ್ಯವಸ್ಥೆ ಆ ನಿಯಮದೊಳಗೇ ಅಡಗಿದೆ, ಸುಮಾರು 2.5 ಮಿಲಿಮೀಟರ್ ಉದ್ದದ ಹಾನಿಯನ್ನು ಅದು ಕಿವಿಗೆ ಗೊತ್ತಾಗದಂತೆ ಮುಚ್ಚಬಲ್ಲದು. ದುಬಾರಿ ಯಂತ್ರದ ಆಂಪ್ಲಿಫೈಯರ್ ಮೇಲು, ಅದರ ಸದ್ದಿನಲ್ಲಿ ಸ್ಪಷ್ಟತೆ ಹೆಚ್ಚು ಎಂದು ಸಂಗೀತ ಬಲ್ಲವರು ಆಕ್ಷೇಪಿಸಬಹುದು. ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳುವವರ ಮಟ್ಟಿಗೆ ಅದು ನಿಜ. ಆದರೆ ನಾವು ಮಾತಾಡುತ್ತಿರುವುದು ಅಂಗೈ ಅಗಲದ ಸ್ಪೀಕರಿರುವ ಪೆಟ್ಟಿಗೆಯ ಬಗ್ಗೆ. ಆ ಸ್ಪೀಕರ್ ತಾನೇ ನುಂಗಿಹಾಕುವ ಸೂಕ್ಷ್ಮಗಳಿಗೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಅಂಕಿಗಳಿಗೂ ಇದೇ ಮಾತು ಸಲ್ಲುತ್ತದೆ. ಪಿಎಂಪಿಒ ಹೆಸರಿನಲ್ಲಿ ಬರೆಯುವ ನೂರಾರು, ಕೆಲವೊಮ್ಮೆ ಸಾವಿರಾರು ವಾಟ್‌ಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ತಯಾರಕರು ಕ್ಷಣಮಾತ್ರದ ಏರಿಕೆಯನ್ನು ತಮಗೆ ಬೇಕಾದಂತೆ ಲೆಕ್ಕ ಹಾಕಿ ಬರೆದುಬಿಡುತ್ತಾರೆ. ನೋಡಬೇಕಾದದ್ದು ಆರ್‌ಎಂಎಸ್ ಎಂದು ನಮೂದಿಸಿದ ಸಣ್ಣ ಅಂಕಿಯನ್ನು. ಹಾಸ್ಟೆಲ್ ಕೋಣೆಗೆ ಒಂದೆರಡು ವಾಟ್ ಧಾರಾಳ, ಪಕ್ಕದ ಹಾಸಿಗೆಯವನಿಗೆ ಅದೇ ಜಾಸ್ತಿ. ಜೇಬಿನ ಗಾತ್ರದ ಪ್ಲೇಯರುಗಳ ಮೇಲೆ ಬರೆದಿರುವ ‘40 ಸೆಕೆಂಡ್ ಆಂಟಿ-ಶಾಕ್’ ಕೂಡ ಹೀಗೆಯೇ. ಹಾಡನ್ನು ಮುಂಚಿತವಾಗಿ ಓದಿ ಚಿಪ್ಪಿನಲ್ಲಿ ಕೂಡಿಟ್ಟು, ಅಲುಗಾಡಿದಾಗ ಅಲ್ಲಿಂದ ಕೊಡುವ ಉಪಾಯ ಅದು. ಬಸ್ಸಿನಲ್ಲಿ ಕೇಳುವವರಿಗೆ ಬೇಕು, ಮೇಜಿನ ಮೇಲಿಟ್ಟು ಕೇಳುವವರಿಗೆ ಬೇಡ. ಸೆಕೆಂಡುಗಳನ್ನು ಹೆಚ್ಚಿಸಲು ಹಲವು ತಯಾರಕರು ಧ್ವನಿಯನ್ನು ಕುಗ್ಗಿಸಿ ತುಂಬಿದ್ದೂ ಉಂಟು. ಎಂಪಿ3 ಓದುವ ಗುಣ ಮಾತ್ರ ಬೆಲೆಯುಳ್ಳದ್ದು. 700 ಎಂಬಿಯ ಒಂದು ಸಿಡಿಯಲ್ಲಿ, ಸೆಕೆಂಡಿಗೆ 128 ಕಿಲೋಬಿಟ್ ಲೆಕ್ಕದಲ್ಲಿ, ಸುಮಾರು 12 ಗಂಟೆಯ ಪಾಠವೋ ಕಛೇರಿಯೋ ಹಿಡಿಸುತ್ತದೆ. ಯುಎಸ್‌ಬಿ ಕಿಂಡಿ ಇರುವ ಸೆಟ್ಟಾದರೆ ಅದರ ಅಗತ್ಯವೂ ಕಡಿಮೆ.

ಈಗ ರೇಡಿಯೊ. ಇಲ್ಲಿ ತಟ್ಟೆಯಲ್ಲಿರುವಂಥ ಭದ್ರ ನಿಯಮವಿಲ್ಲ. ಗಾಳಿಯಲ್ಲಿ ಬರುವ ಕ್ಷೀಣ ಅಲೆಯನ್ನು ಹಿಡಿದು, ಅಕ್ಕಪಕ್ಕದ ಪ್ರಬಲ ಕೇಂದ್ರಗಳಿಂದ ಬೇರ್ಪಡಿಸಿ, ಸೆಟ್ಟಿನದೇ ಮೋಟಾರು ಮತ್ತು ಚಿಪ್ಪುಗಳ ಗದ್ದಲದ ನಡುವೆ ಉಳಿಸಿಕೊಳ್ಳಬೇಕು. ಕಾಸು ಉಳಿಸಲು ತಯಾರಕರು ಕತ್ತರಿ ಹಾಕುವುದೂ ಇಲ್ಲಿಯೇ. ಜೇಬಿನ ಗಾತ್ರದ ಪ್ಲೇಯರುಗಳಲ್ಲಿ ಬೇರೆ ಆಂಟೆನಾ ಇರುವುದಿಲ್ಲ, ಇಯರ್‌ಫೋನಿನ ತಂತಿಯೇ ಆಂಟೆನಾ. ಕತ್ತು ಹೊರಳಿಸಿದರೆ ಕೇಂದ್ರ ಕೈತಪ್ಪುತ್ತದೆ. ಗೆಳೆಯರೊಂದಿಗೆ ಕೂತು ಕೇಳೋಣವೆಂದು ತಂತಿ ಕಿತ್ತು ಬೇರೆ ಸ್ಪೀಕರಿಗೆ ಜೋಡಿಸಿದರೆ ಕರಕರ ಸದ್ದು. ಹಿಡಿಕೆಯಿರುವ ದೊಡ್ಡ ಸೆಟ್ಟಿಗೆ ಎಳೆದು ಉದ್ದ ಮಾಡುವ ಕಡ್ಡಿ ಇರುವುದರಿಂದ ಎಫ್‌ಎಂ ಮಟ್ಟಿಗೆ ಅದು ಖಂಡಿತ ಮೇಲು. ಮಧ್ಯಮ ತರಂಗಕ್ಕೆ ಮಾತ್ರ ಆ ಕಡ್ಡಿಯಿಂದ ಪ್ರಯೋಜನವಿಲ್ಲ. ಅದನ್ನು ಹಿಡಿಯುವುದು ಒಳಗೆ ಅಡಗಿರುವ ಫೆರೈಟ್ ಸರಳು. ಅದಕ್ಕೆ ದಿಕ್ಕಿನ ಹಂಗಿದೆ, ಇಡೀ ಸೆಟ್ಟನ್ನೇ ತಿರುಗಿಸಿಟ್ಟರೆ ಕೇಂದ್ರ ತಿಳಿಯಾಗುತ್ತದೆ. ಆ ಸರಳನ್ನು ಗಿಡ್ಡ ಮಾಡಿದ ಸೆಟ್ಟುಗಳಿವೆ, ಮಧ್ಯಮ ತರಂಗವನ್ನೇ ಕೈಬಿಟ್ಟ ಸೆಟ್ಟುಗಳು ಈಗ ಇನ್ನೂ ಹೆಚ್ಚಾಗಿವೆ.

ಅಮೆರಿಕದಿಂದ ನೆಂಟರು ತಂದುಕೊಟ್ಟದ್ದು, ಅಲ್ಲಿಂದ ಬಂದದ್ದೆಂದು ಕಡಿಮೆ ಬೆಲೆಗೆ ಸಿಗುವುದು ಇನ್ನೊಂದು ಬಗೆಯ ಪರೀಕ್ಷೆ ಬೇಡುತ್ತದೆ. ಮೊದಲ ಅಪಾಯ ಕರೆಂಟಿನದು. ಅಲ್ಲಿನ ಸೆಟ್ಟು 120 ವೋಲ್ಟಿಗೆ ಮಾಡಿದ್ದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋದೀತು. ಎರಡನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅಂಕಿ ತೋರಿಸುವ ಡಿಜಿಟಲ್ ಟ್ಯೂನರ್ ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ, ಆ ಹೆಜ್ಜೆಯ ಅಳತೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಎಫ್‌ಎಂ ಕೇಂದ್ರಗಳೆಲ್ಲ ದಶಮಾಂಶದ ಬೆಸ ಅಂಕಿಗಳ ಮೇಲೆಯೇ ಇರುವುದರಿಂದ ಅಲ್ಲಿನ ಎಷ್ಟೋ ಸೆಟ್ಟುಗಳು 0.2ರಂತೆ ನೆಗೆಯುತ್ತವೆ. ಬೆಂಗಳೂರಿನ 91.1, 101.3, 102.9 ಅವುಗಳಿಗೆ ಸಿಗುತ್ತವೆ. ಮೈಸೂರು ಆಕಾಶವಾಣಿಯ 100.6 ಸಿಗುವುದಿಲ್ಲ, 100.5ರಲ್ಲೋ 100.7ರಲ್ಲೋ ನಿಂತು ಒಡಕು ದನಿ ಕೇಳಬೇಕು. ಮಧ್ಯಮ ತರಂಗದಲ್ಲಿ ಪಾಡು ಇನ್ನೂ ಕಷ್ಟ. ನಮ್ಮಲ್ಲಿ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಜ್, ಅಲ್ಲಿ 10. ಬೆಂಗಳೂರಿನ 612ಕ್ಕೆ 610 ಹತ್ತಿರವಾದ್ದರಿಂದ ಹೇಗೋ ನಡೆಯುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ಧಾರವಾಡ ಆಕಾಶವಾಣಿಯ 765, ಭದ್ರಾವತಿಯ 675 ಎರಡೂ ಎರಡು ಹೆಜ್ಜೆಗಳ ನಟ್ಟನಡುವೆ ಬೀಳುತ್ತವೆ. ಹೆಜ್ಜೆ ಬದಲಿಸುವ ಸಣ್ಣ ಸ್ವಿಚ್ಚು ಕೆಲವು ಸೆಟ್ಟುಗಳ ಬೆನ್ನಿನಲ್ಲೋ ಸೆಲ್ಲಿನ ಗೂಡಿನಲ್ಲೋ ಇರುತ್ತದೆ, ಅದು ಇಲ್ಲವಾದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಗುಂಡಿ ತಿರುಗಿಸಿ ಮುಳ್ಳು ಓಡಿಸುವ ಹಳೆಯ ಬಗೆಯ ಟ್ಯೂನರಿಗೆ ಈ ತೊಡಕಿಲ್ಲ. ಹಳತೆಂದು ಅದನ್ನು ತಳ್ಳಿಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಕಿಸೆಯಲ್ಲಿ ಮೊಬೈಲ್ ಇರುವಾಗ ಇಷ್ಟೆಲ್ಲ ಯಾಕೆ ಎಂಬುದು ದೊಡ್ಡ ಆಕ್ಷೇಪ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ಹಾಡು ಕೇಳುವುದೊಂದೇ ಉದ್ದೇಶವಾದರೆ ಮೊಬೈಲ್ ಸಾಕು, ಸೆಟ್ಟಿಗೆ ಹಣ ಹಾಕಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಸಂಗೀತಾಭ್ಯಾಸ ಮಾಡುವ ವಿದ್ಯಾರ್ಥಿಗೆ ಒಂದು ಆಲಾಪವನ್ನು ಹತ್ತು ಸಲ ಕೇಳಬೇಕಾಗುತ್ತದೆ, ನಡುವೆ ಕರೆಯೋ ಜಾಹೀರಾತೋ ನುಗ್ಗಿದರೆ ಅಂದಿನ ಪಾಠ ಕೆಟ್ಟಂತೆ. ಮನೆಯ ಕಪಾಟಿನಲ್ಲಿ ಉಳಿದಿರುವ ಭಾವಗೀತೆ, ಗಮಕ, ಯಕ್ಷಗಾನದ ಸಿಡಿಗಳನ್ನು ಹಾಕಲು ಇಂದಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಜಾಗವೇ ಇಲ್ಲ. ರೇಡಿಯೊದ ಲಾಭವಂತೂ ಹಣದ ಲೆಕ್ಕದಲ್ಲೇ ಕಾಣುತ್ತದೆ. ಸೆಟ್ಟಿಗೆ ಒಮ್ಮೆ ಕೊಟ್ಟ ಮೇಲೆ ಕಛೇರಿ, ನಾಟಕ, ವಾರ್ತೆ, ಚಿಂತನಕ್ಕೆ ಡೇಟಾ ಬೇಡ, ಚಂದಾ ಬೇಡ. ಕರೆಂಟು ಹೋದಾಗ ಸೆಲ್ಲಿನ ಮೇಲೆ ನಡೆಯುತ್ತದೆ; ತಟ್ಟೆ ತಿರುಗಿಸುವ ಮೋಟಾರು, ಲೇಸರುಗಳ ಕೆಲಸವಿಲ್ಲದ್ದರಿಂದ ಸಿಡಿಗೆ ಹೋಗುವ ಸೆಲ್ಲಿನ ಸಣ್ಣ ಪಾಲಿನಲ್ಲೇ ರೇಡಿಯೊ ಹಾಡುತ್ತದೆ. ವಿದ್ಯಾರ್ಥಿಯ ಬಜೆಟ್ಟಿನ ಮಾತು ಎತ್ತಿದ ಮೇಲೆ ತಿಂಗಳು ತಿಂಗಳೂ ಬರುವ ಈ ಉಳಿತಾಯವನ್ನೂ ಬೆಲೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಬೇಕು.

ಹಳೆಯ ಸೆಟ್ಟು ಕೊಳ್ಳುವವರಿಗೆ ನನ್ನ ವಾದ ತಿರುಗುಬಾಣವಾಗುವುದಿಲ್ಲವೇ? ಅಲ್ಲಿ ಮೊದಲು ಸವೆಯುವುದು ಸಿಡಿಯ ಲೇಸರ್, ಕೆಡುವುದೂ ಅದರ ಮೋಟಾರು. ಹಾಗಾದರೆ ಅದನ್ನೇ ಮೊದಲು ನೋಡಬೇಕಲ್ಲ ಎನ್ನಬಹುದು. ಒಪ್ಪಬೇಕಾದ ಮಾತು. ಬಳಸಿದ ಸೆಟ್ಟಿಗೆ ಸಿಡಿಯ ಪರೀಕ್ಷೆ ಕಡ್ಡಾಯ, ಅದೂ ಅಚ್ಚಾದ ಸಿಡಿ ಹಾಕಿ ಮುಗಿಸಿದರೆ ಸಾಲದು. ಮನೆಯಲ್ಲಿ ಬರೆದ ಸಿಡಿ-ಆರ್ ಒಂದನ್ನು ಹಾಕಿ, ಕೊನೆಯ ಹಾಡಿಗೆ ನೇರ ಹಾರಿಸಿ ನೋಡಬೇಕು. ಸಿಡಿ ಒಳಗಿನಿಂದ ಹೊರಗೆ ಓದಿಸಿಕೊಳ್ಳುವುದರಿಂದ ಕೊನೆಯ ಹಾಡು ಅಂಚಿನಲ್ಲಿರುತ್ತದೆ, ದಣಿದ ಯಂತ್ರ ಅಲ್ಲಿ ತಡವರಿಸುತ್ತದೆ. ಆದರೆ ಈ ಪರೀಕ್ಷೆ ಎರಡು ನಿಮಿಷದ್ದು, ಫಲಿತಾಂಶದಲ್ಲಿ ಸಂಶಯಕ್ಕೆ ಎಡೆಯಿಲ್ಲ. ರೇಡಿಯೊ ಹಾಗಲ್ಲ. ಪೇಟೆಯ ನಡುವಿನ ಅಂಗಡಿಯಲ್ಲಿ ಯಾವ ಸೆಟ್ಟಾದರೂ ಹತ್ತಿರದ ಪ್ರಬಲ ಕೇಂದ್ರವನ್ನು ಎಳೆದುಕೊಳ್ಳುತ್ತದೆ. ಅದರ ಯೋಗ್ಯತೆ ತಿಳಿಯಬೇಕಾದರೆ ದೂರದ, ಮೆಲುದನಿಯ ಕೇಂದ್ರವೊಂದನ್ನು ಹುಡುಕಿ ಹಾಕಿಸಬೇಕು. ಅಡಾಪ್ಟರ್ ಮೇಲೊಮ್ಮೆ, ಸೆಲ್ಲಿನ ಮೇಲೊಮ್ಮೆ ಕೇಳಬೇಕು. ಅಡಾಪ್ಟರ್ ಚುಚ್ಚಿದ ಕೂಡಲೇ ಗೊರಗೊರ ಶುರುವಾದರೆ ಅದು ಮನೆಗೆ ಬಂದ ಮೇಲೂ ಹೋಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಉಳಿಯುವ ಪ್ರಶ್ನೆ, ರೇಡಿಯೊಗೆ ಇಷ್ಟು ಮಹತ್ವವಾದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಯಾಕೆ ಕೊಳ್ಳಬೇಕು ಎಂಬುದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರಲ್ಲಿ ಎಫ್‌ಎಂ ಗಟ್ಟಿಯಾಗಿ ಸಿಗುವ ವಿದ್ಯಾರ್ಥಿಗೆ ಒಂದೇ ಪೆಟ್ಟಿಗೆ ಅನುಕೂಲ. ಮೇಜಿನ ಮೇಲೆ ಒಂದೇ ಜಾಗ, ಒಂದೇ ಪ್ಲಗ್ಗು, ಎರಡಕ್ಕೂ ಅದೇ ಸ್ಪೀಕರ್. ಮಲೆನಾಡಿನ ಕಣಿವೆಗಳಲ್ಲಿ ಮಾತು ಬೇರೆ. ನೇರ ದೃಷ್ಟಿಯಲ್ಲಿ ಸಾಗುವ ಎಫ್‌ಎಂ ಗುಡ್ಡದ ಮರೆಗೆ ಸೋಲುತ್ತದೆ, ನೆಲ ಹಿಡಿದು ಬರುವ ಮಧ್ಯಮ ತರಂಗ ಅಲ್ಲಿಗೂ ಮುಟ್ಟುತ್ತದೆ. ಆಕಾಶವಾಣಿಯೂ ಎಫ್‌ಎಂ ಕಡೆಗೇ ವಾಲುತ್ತಿದೆಯಲ್ಲ ಎನ್ನುವವರ ಮಾತು ಸುಳ್ಳಲ್ಲ, ಆದರೆ ಇವತ್ತು ಕೇಳಬೇಕಾದವರಿಗೆ ಇವತ್ತಿನ ಅಲೆಯೇ ಗತಿ. ಅಂಥ ಕಡೆ ಓದುವವರು ಸಿಡಿ ಸೇರಿದ ಸೆಟ್ಟಿನ ಆಸೆ ಬಿಟ್ಟು, ಮಧ್ಯಮ ತರಂಗ ಚೆನ್ನಾಗಿ ಹಿಡಿಯುವ ಬಿಡಿ ರೇಡಿಯೊವನ್ನು ಹೊಸದಾಗಿಯೇ ಕೊಂಡು, ಉಳಿದ ಹಣದಲ್ಲಿ ಬಳಸಿದ ಸಿಡಿ ಪ್ಲೇಯರೊಂದನ್ನು ಹುಡುಕಲಿ. ಆ ಪ್ಲೇಯರ್ ಎರಡು ವರ್ಷದಲ್ಲಿ ಕೆಟ್ಟರೂ ರೇಡಿಯೊ ಅದರ ಜೊತೆ ಮೂಲೆ ಸೇರುವುದಿಲ್ಲ.